ದೊಣೆಯಲ್ಲಿ ಸಿಕ್ಕ ಪೊರಕೆಗಳು

ಶಾಗ್ಯದ ಸುವರ್ಣಮ್ಮನ ಮಗಳು ಕೋಮಲ ಮೂರು ವರ್ಷ ತುಂಬಿದರೂ ಹೆಜ್ಜೆ ಇಡಲಿಲ್ಲ. ನಡುಮನೆಯಿಂದ ಹಿತ್ತಿಲ ಬಾಗಿಲವರೆಗೆ ತೆವಳಿಕೊಂಡೇ ಹೋಗುತ್ತಿತ್ತು ಮಗು. ಕೊಳ್ಳೇಗಾಲದ ಡಾಕ್ಟರು ಕಾಲು ತಿರುಗಿಸಿ ನೋಡಿ, ದಿನಕ್ಕೊಂದು ಮೊಟ್ಟೆ ಕೊಡಿ ಎಂದರು. ಲಿಂಗ ಕಟ್ಟಿದ ಮನೆಗೆ ಮೊಟ್ಟೆ ಎಲ್ಲಿಂದ ಬರಬೇಕು. ಸುವರ್ಣಮ್ಮ ಹೆಸರುಕಾಳು ಬೇಯಿಸಿ ಹಿಸುಕಿ ತಿನ್ನಿಸಿದಳು, ಎಳ್ಳೆಣ್ಣೆ ತಿಕ್ಕಿ ಎಳೆಬಿಸಿಲಲ್ಲಿ ಕೂರಿಸಿದಳು. ಕಾಲು ಮಾತ್ರ ನೆಲಕ್ಕೆ ಊರಲಿಲ್ಲ.

ಅದು ಎಂಬತ್ತನಾಲ್ಕನೇ ಇಸವಿ. ಶಿವರಾತ್ರಿ ಹತ್ತಿರವಾಗಿತ್ತು. ಹನೂರಿನ ಸಂತೆಗೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿದ್ದಾಗ, ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು ರಸ್ತೆ ತುಂಬ ಸಾಗುತ್ತಿದ್ದರು. ಸುವರ್ಣಮ್ಮ ಯಾರ ಮುಖವನ್ನೂ ನೋಡಲಿಲ್ಲ, ಕಾಲುಗಳನ್ನೇ ನೋಡುತ್ತ ನಿಂತಳು. ಬಿರಿದ ಹಿಮ್ಮಡಿ, ಅರಿಸಿನ ಹಚ್ಚಿದ ಪಾದ, ಬಟ್ಟೆ ಸುತ್ತಿದ ಹೆಬ್ಬೆರಳು. ಇಷ್ಟು ಕಾಲುಗಳನ್ನು ನಡೆಸುವವನಿಗೆ ನನ್ನ ಮಗಳ ಎರಡು ಕಾಲು ಹೆಚ್ಚಾಯಿತೆ ಎಂದು ಅವಳಿಗೆ ಅನ್ನಿಸಿತು. ಅಲ್ಲೇ ಹರಕೆ ಕಟ್ಟಿಕೊಂಡಳು. ಮಗಳು ನಡೆದರೆ, ಮೈಯಲ್ಲಿ ಶಕ್ತಿ ಇರುವ ತನಕ, ವರ್ಷಾವರ್ಷ ಮಾದಪ್ಪನ ದಾರಿಯ ರಜ ಹೊಡೆಯುತ್ತೇನೆ.

ರಜ ಎಂದರೆ ಧೂಳು, ರಜ ಹೊಡೆಯುವುದೆಂದರೆ ಗುಡಿಸುವುದು. ಬೆಟ್ಟದಲ್ಲಿ ಗುಡಿಯ ಸುತ್ತ ಪೊರಕೆ ಹಿಡಿದು ಈ ಸೇವೆ ಮಾಡುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಸುವರ್ಣಮ್ಮ ಆರಿಸಿಕೊಂಡದ್ದು ಗುಡಿಯನ್ನಲ್ಲ, ದಾರಿಯನ್ನು. ಕೌದಳ್ಳಿ ದಾಟಿ ಕಾಡುದಾರಿ ಹಿಡಿದವರು ದಣಿವಾರಿಸಿಕೊಳ್ಳುವ ಒಂದು ಕಲ್ಲುಮಂಟಪವಿತ್ತು. ಅದರ ಎರಡು ಪಕ್ಕದಲ್ಲೂ ಹುಣಸೆಮರ. ಜೋಡಿಹುಣಸೆ ಮಂಟಪ ಎಂದೇ ಅದಕ್ಕೆ ಹೆಸರು.

ಆ ಆಷಾಢದಲ್ಲಿ ಕೋಮಲ ರಾಗಿಕಲ್ಲಿನ ಗೂಟ ಹಿಡಿದು ಎದ್ದು ನಿಂತಳು. ಶ್ರಾವಣಕ್ಕೆ ಕೈಬಿಟ್ಟು ನಡೆದಳು.

ಮರುವರ್ಷದಿಂದ ಸುವರ್ಣಮ್ಮನ ಸೇವೆ ಶುರುವಾಯಿತು. ಅದಕ್ಕೆ ಅವಳೇ ಕಟ್ಟಳೆ ಮಾಡಿಕೊಂಡಿದ್ದಳು. ಪ್ರತಿ ವರ್ಷ ಹೊಸ ಈಚಲು ಪೊರಕೆ. ಅದರ ಹಿಡಿಗೆ ತನ್ನದೇ ಸೀರೆಯಿಂದ ಹರಿದ ಒಂದು ಚೂರು, ಮೂರು ಗಂಟು. ಪರಸೆ ಸಾಗುವ ಎರಡು ದಿನವೂ ಬೆಳಿಗ್ಗೆ ಸಂಜೆ ಗುಡಿಸಬೇಕು. ಗುಡಿಸಿದ್ದನ್ನು ಸುಡಬಾರದು, ಊರಿಗೆ ಒಯ್ಯಬಾರದು. ಮಾದಪ್ಪನ ರಜ ಮಾದಪ್ಪನ ಮಡಿಲಿಗೇ ಸೇರಬೇಕು. ಆದ್ದರಿಂದ ಮಂಟಪದ ಹಿಂದಿನ ಇಳಿಜಾರಿಗೆ ಎಲ್ಲವನ್ನೂ ತಳ್ಳಿ, ಕೊನೆಗೆ ಸವೆದ ಪೊರಕೆಯನ್ನೂ ಕಣ್ಣಿಗೊತ್ತಿಕೊಂಡು ಅದರ ಹಿಂದೆಯೇ ಬಿಡುತ್ತಿದ್ದಳು. ಹರಕೆಯ ಪೊರಕೆ ಮನೆಯ ಪೊರಕೆಯಾಗಬಾರದು ನೋಡಿ.

"ಮನೆ ಹಟ್ಟಿ ಗುಡ್ಸೋಕೆ ಸೊಂಟ ನೋವು, ಮಂಟಪ ಗುಡ್ಸೋಕೆ ಇಲ್ಲ," ಎಂದು ಗಂಡ ರುದ್ರಸ್ವಾಮಿ ರೇಗಿಸುತ್ತಿದ್ದ. ಹಾಗೆ ರೇಗಿಸುತ್ತಲೇ ಅಕ್ಕಿ ಬೇಳೆ ಗಂಟು ಕಟ್ಟಿಕೊಂಡು ಜೊತೆಗೂ ಹೋಗುತ್ತಿದ್ದ.

ಇಳಿಜಾರಿನ ಕೆಳಗೆ ಹೂಗ್ಯಂ ಕಡೆಯ ಹನುಮಯ್ಯನ ದನದ ದೊಡ್ಡಿ ಇತ್ತು. ಪಕ್ಕದಲ್ಲೇ ಬಂಡೆಯೊಳಗೆ, ಮೇಲೆ ನಿಂತವರಿಗೆ ಕಾಣದ ಒಂದು ದೊಣೆ. ಬೇಸಗೆಯಲ್ಲೂ ಬತ್ತದ ನೀರು. ಹನುಮಯ್ಯನ ಹೆಂಡತಿ ಚೆಲುವಮ್ಮ ಪರಸೆಯ ದಿನಗಳಲ್ಲಿ ಆ ನೀರಿನಿಂದ ಮಜ್ಜಿಗೆ ಮಾಡಿ, ಮಡಕೆ ತಲೆಯ ಮೇಲೆ ಹೊತ್ತು ಇಳಿಜಾರು ಹತ್ತಿ ಬರುತ್ತಿದ್ದಳು. ಲೋಟ ಇಲ್ಲ, ಎಲೆ ಇಲ್ಲ. ಬೊಗಸೆ ಒಡ್ಡಿದವರಿಗೆ ಸುರಿಯುವುದು. ಸುವರ್ಣಮ್ಮನಿಗೂ ಎರಡು ಬೊಗಸೆ.

"ನಿಮ್ದು ದಾರಿ, ನಂದು ಬಾಯಿ ಅಕ್ಕಾರೆ. ಇಬ್ರದೂ ಮಾದಪ್ಪನ ಚಾಕ್ರಿನೇ," ಎನ್ನುತ್ತಿದ್ದಳು ಚೆಲುವಮ್ಮ.

"ನಿನ್ ಮಜ್ಜಿಗೆ ಒಸಿ ಉಪ್ಪು ಕಮ್ಮಿ ಕಣೆ."

"ಉಪ್ಪು ನಿಮ್ ಶಾಗ್ಯದೋರ ಬಾಯಲ್ಲೇ ಬೇಕಾದಷ್ಟದಲ್ಲ ಬುಡಿ."

ಮೊದಮೊದಲು ಗುಡಿಸಿದರೆ ಸಿಗುತ್ತಿದ್ದದ್ದು ಮುತ್ತುಗದೆಲೆ, ಹುಣಸೆ ಸಿಪ್ಪೆ, ಬೀಡಿತುಂಡು, ಬಾಳೆಸಿಪ್ಪೆ. ಮಳೆ ಬಿದ್ದರೆ ಎಲ್ಲ ಮಣ್ಣಾಗುತ್ತಿತ್ತು. ಆಮೇಲೆ ಶಾಂಪೂ ಚೀಟಿ ಬಂದವು. ಚಿತ್ರಾನ್ನ ಕಟ್ಟಿದ ಪ್ಲಾಸ್ಟಿಕ್ ಕವರು, ಗುಟ್ಕಾ ಪೊಟ್ಟಣ, ನೀರಿನ ಪ್ಯಾಕೆಟ್ಟು ಬಂದವು. ಪುಣ್ಯ ಮಾಡುವವರು ಬಿಳಿ ಲೋಟಗಳಲ್ಲಿ ಪಾನಕ ಹಂಚತೊಡಗಿದರು. ರಾಶಿ ವರ್ಷಕ್ಕಿಂತ ವರ್ಷ ದೊಡ್ಡದಾಯಿತು. ಸುವರ್ಣಮ್ಮ ಅದನ್ನು ಕಂಡು ತನ್ನ ಸೇವೆ ದೊಡ್ಡದಾಯಿತು ಎಂದುಕೊಂಡಳು. ಹೆಚ್ಚು ಕಸ, ಹೆಚ್ಚು ಪುಣ್ಯ. ತಳ್ಳುವ ಜಾಗ ಮಾತ್ರ ಅದೇ.

ತೊಂಬತ್ತಾರರ ಶಿವರಾತ್ರಿಗೆ ಚೆಲುವಮ್ಮ ಮಜ್ಜಿಗೆ ತರಲಿಲ್ಲ. ಮರುವರ್ಷವೂ ಇಲ್ಲ. ಮಂಟಪದಲ್ಲಿ ಕೂತಿದ್ದ ಪರಸೆಯವರ ಎದುರು, ಪೊರಕೆ ಝಾಡಿಸುತ್ತ, ಸುವರ್ಣಮ್ಮ ಎಲ್ಲರಿಗೂ ಕೇಳುವಂತೆ ಹೇಳಿದ್ದಳು: "ದೇವ್ರ ದಾರೀಲಿ ಮಜ್ಜಿಗೆ ಉಯ್ಯೋ ಕೈ ಒಣಗೋಯ್ತು. ಹಾಲು ಡೈರಿಗೆ ಆಕುದ್ರೆ ದುಡ್ಡು ಬತ್ತದಲ್ಲ, ಮಾದಪ್ಪ ಯಾಕೆ ಬೇಕು."

ಕೂತವರು ನಕ್ಕಿದ್ದರು. ಅವಳಿಗೂ ಆ ಮಾತು ರುಚಿಸಿತ್ತು. ಮುಂದಿನ ವರ್ಷಗಳಲ್ಲೂ ಒಂದೆರಡು ಸಲ ಅದನ್ನೇ ಹೇಳಿದಳು.

ಕೋಮಲ ಬೆಳೆದಳು, ಯಳಂದೂರಿಗೆ ಮದುವೆಯಾಗಿ ಹೋದಳು, ತನ್ನ ಕಾಲಲ್ಲೇ ನಡೆದು ಹಸೆಮಣೆ ಏರಿದಳು. ಸುವರ್ಣಮ್ಮ ಸೇವೆ ಬಿಡಲಿಲ್ಲ.

ಸೇವೆಗೆ ಹದಿನೆಂಟು ವರ್ಷ ತುಂಬುವ ಹೊತ್ತಿಗೆ ಕೊಳ್ಳೇಗಾಲದಲ್ಲಿ ಕಾಡುದಾರಿ ಬಳಗ ಎಂಬ ಸಂಘ ಹುಟ್ಟಿಕೊಂಡಿತ್ತು. ಹೈಸ್ಕೂಲಿನ ಶಿವಕುಮಾರಸ್ವಾಮಿ ಮೇಷ್ಟ್ರು ಅದಕ್ಕೆ ಮುಖ್ಯಸ್ಥರು. ಕಾಡು ನೋಡಲು ಬರುವ ಪೇಟೆಯವರನ್ನು ಗುಂಪು ಕಟ್ಟಿ ನಡೆಸಿಕೊಂಡು ಹೋಗುವುದು, ತಂದದ್ದನ್ನೆಲ್ಲ ಅವರ ಕೈಯಲ್ಲೇ ವಾಪಸು ಹೊರಿಸುವುದು, ಹಳ್ಳಿಯವರ ಮನೆಯಲ್ಲೇ ಊಟ ಹಾಕಿಸುವುದು, ಪರಸೆಯ ಕಾಲದಲ್ಲಿ ಕಸ ಚೆಲ್ಲಬೇಡಿ ಎಂದು ಬುದ್ಧಿ ಹೇಳುವುದು ಬಳಗದ ಕೆಲಸ. ಕೆಲವರು ಕೇಳುತ್ತಿದ್ದರು, ಹಲವರು ನಗುತ್ತಿದ್ದರು. ಎರಡು ಸಾವಿರದ ಎರಡನೇ ಇಸವಿಯ ಕಾರ್ತಿಕದಲ್ಲಿ ಮೇಷ್ಟ್ರು ಸುವರ್ಣಮ್ಮನ ಹೆಸರು ಕೇಳಿಕೊಂಡು ಶಾಗ್ಯಕ್ಕೆ ಬಂದರು.

"ನಾವು ಈಗ ಹೇಳ್ತಿರೋದನ್ನ ನೀವು ಹದಿನೆಂಟು ವರ್ಷದಿಂದ ಮಾಡ್ತಿದ್ದೀರಿ ಅಮ್ಮ. ಕೊಳ್ಳೇಗಾಲದಲ್ಲಿ ನಿಮಗೊಂದು ಸನ್ಮಾನ ಇಟ್ಕೊಂಡಿದ್ದೀವಿ. ಬರಬೇಕು."

"ಪೊರ್ಕೆಗೂ ಸನ್ಮಾನವಾ ಮೇಷ್ಟ್ರೆ? ಹಂಗಾರೆ ಒನಕೆಗೂ ಮಾಡಿ, ನಮ್ಮವ್ವ ಇನ್ನೂ ಅವ್ಳೆ," ಎಂದ ರುದ್ರಸ್ವಾಮಿ. ಸುವರ್ಣಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಒಳಗೊಳಗೆ ಮನಸ್ಸು ಉಬ್ಬಿತ್ತು. ಅದನ್ನು ನೆನೆದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ.

ಮೇಷ್ಟ್ರಿಗೆ ಇನ್ನೊಂದು ಆಸೆಯೂ ಇತ್ತು. ಮಂಟಪದ ಹಿಂದೆ ಹಳೆಯ ದೊಣೆ ಇದೆಯಂತೆ, ನಡೆದು ಬರುವವರನ್ನು ಅಲ್ಲಿಗೂ ಕರೆದುಕೊಂಡು ಹೋಗಿ ತೋರಿಸಬಹುದಲ್ಲ ಎಂದು. ಮಂಟಪದವರೆಗೆ ದಾರಿ ಬಲ್ಲವರು ಬೇಕಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗಂಡ ಹೆಂಡಿರಿಬ್ಬರೂ ಅವರ ಜೊತೆ ಹೋದರು. ಹದಿನೆಂಟು ವರ್ಷ ಮೇಲೆ ನಿಂತು ತಳ್ಳಿದ್ದ ಸುವರ್ಣಮ್ಮ ಕೆಳಗೆ ಇಳಿದದ್ದು ಅದೇ ಮೊದಲು.

ಮೊದಲು ಮೂಗಿಗೆ ಬಡಿಯಿತು. ಆಮೇಲೆ ಕಣ್ಣಿಗೆ. ಬಂಡೆಯ ಬಾಯಿ ತುಂಬ ಕವರುಗಳು ಕೊಳೆತ ನೀರಿನಲ್ಲಿ ಉಬ್ಬಿ ನಿಂತಿದ್ದವು. ಬಿಳಿ ಲೋಟಗಳು ಒಂದರೊಳಗೊಂದು ಹೊಕ್ಕು ಹಾವಸೆ ಹಿಡಿದಿದ್ದವು. ದೊಡ್ಡಿಯ ಬೇಲಿಗೆ ಒರಗಿ ನಿಂತಿದ್ದ ಹನುಮಯ್ಯನನ್ನು ಮೇಷ್ಟ್ರು ಕೇಳಿದರು: "ಯಾರ್ರೀ ಇಲ್ಲಿ ತಂದು ಸುರಿಯೋರು? ಮನುಷ್ಯರು ಮಾಡೋ ಕೆಲಸವಾ ಇದು?"

"ಮೇಲಿಂದ ಬತ್ತದೆ ಸಾ. ವರ್ಸಕ್ಕೊಂದ್ ದಪ," ಎಂದ ಹನುಮಯ್ಯ. "ಏಳೆಂಟು ವರ್ಸಾಯ್ತು ದನ ಮೂಸೂ ನೋಡಲ್ಲ. ಕೆಳಗಲ ಹಳ್ಳಕ್ಕೆ ಹೊಡ್ಕಂಡು ಓಯ್ತೀವಿ, ಎರಡು ಮೈಲಿ. ಕುಡಿಯೋಕೂ ಅಲ್ಲಿಂದ್ಲೇ ಹೊತ್ಕ ಬರೋದು."

"ಪೇಟೆಯವರದೇ ಇರಬೇಕು. ನಾಚಿಕೆ ಇಲ್ಲದ ಜನ," ಎಂದರು ಮೇಷ್ಟ್ರು.

ಸುವರ್ಣಮ್ಮನ ಕಣ್ಣು ಲೋಟಗಳ ನಡುವೆ ತಲೆ ಎತ್ತಿ ನಿಂತಿದ್ದ ಒಂದು ಈಚಲು ಪೊರಕೆಯ ಮೇಲೆ ನೆಟ್ಟಿತ್ತು. ಅದರ ಹಿಡಿಗೆ ಹಸಿರು ಬಟ್ಟೆ, ಕೆಂಪು ಅಂಚು. ಕೋಮಲ ದೊಡ್ಡವಳಾದಾಗ ತವರಿನಿಂದ ಬಂದ ಪಾಲಿಸ್ಟರ್ ಸೀರೆ. ಪಕ್ಕದಲ್ಲಿ ಇನ್ನೊಂದು, ನೀಲಿ ಹೂವಿನದು. ಆಚೆ ಇನ್ನೊಂದು. ಮೊದಲಿನ ನೂಲಿನ ಸೀರೆಯ ಚೂರುಗಳು ಕೊಳೆತು ಹೋಗಿದ್ದವು. ಆಮೇಲಿನವು ಬಣ್ಣವನ್ನೂ ಬಿಟ್ಟಿರಲಿಲ್ಲ, ಮೂರು ಗಂಟುಗಳನ್ನೂ ಬಿಟ್ಟಿರಲಿಲ್ಲ. ತಲೆ ಎತ್ತಿದಾಗ ಚೆಲುವಮ್ಮ ಗುಡಿಸಲ ಬಾಗಿಲಲ್ಲಿ ನಿಂತಿದ್ದಳು. ಅವಳು ಪೊರಕೆಯನ್ನು ನೋಡಿದಳು, ಸುವರ್ಣಮ್ಮನನ್ನು ನೋಡಿದಳು, ಒಳಗೆ ಹೋದಳು.

ಬಸ್ಸಿನಲ್ಲಿ ರುದ್ರಸ್ವಾಮಿ ಮೆಲ್ಲಗೆ ಕೇಳಿದ: "ಆ ಅಸ್ರು ಸೀರೆ..."

"ಸುಮ್ನಿರಿ," ಎಂದಳು.

ಹೇಳಿಬಿಡಬೇಕು ಎಂದು ಪ್ರತಿದಿನವೂ ಹೊರಟಳು, ಪ್ರತಿದಿನವೂ ನಾಳೆಗೆ ಮುಂದೂಡಿದಳು. ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಲಿಂಗಕ್ಕೆ ಎರೆಯುವ ನೀರು ಕಂಡು ದೊಣೆ ನೆನಪಾಗುತ್ತಿತ್ತು. ಮೇಷ್ಟ್ರಿಗೆ ಕಾಗದ ಬರೆಸೋಣ ಎಂದುಕೊಂಡಳು. ಬರೆಸಲಿಲ್ಲ. ಸನ್ಮಾನದ ಸುದ್ದಿ ಊರಲ್ಲಿ ಎಲ್ಲರಿಗೂ ಗೊತ್ತಾಗಿತ್ತು, ಯಳಂದೂರಿನ ಬೀಗರೂ ಬರುತ್ತಾರೆ, ಕೋಮಲ ಹೊಸ ಸೀರೆ ತಂದಿದ್ದಾಳೆ. ಇವೆಲ್ಲ ನೆಪ ಎಂದು ಅವಳಿಗೇ ಗೊತ್ತಿತ್ತು.

ಸನ್ಮಾನದ ದಿನ ಕೊಳ್ಳೇಗಾಲದ ಒಂದು ಸಣ್ಣ ಸಭಾಂಗಣದಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಎರಡು ಮಾತು ಹೇಳಿ ಎಂದು ಮೈಕು ಮುಂದಿಟ್ಟರು. ಈಗ ಹೇಳಬೇಕು ಎಂದುಕೊಂಡಳು ಸುವರ್ಣಮ್ಮ. ಮುಂದಿನ ಸಾಲಿನಲ್ಲಿ ಬೀಗರ ಪಕ್ಕ ಕೋಮಲ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಂದೇನಿಲ್ಲ. ಎಲ್ಲಾ ಮಾದಪ್ಪಂದು," ಎಂದು ಹೇಳಿ ಕೂತುಬಿಟ್ಟಳು.

ನನ್ನ ಹೇಡಿತನವನ್ನೂ ಮಾದಪ್ಪನ ತಲೆಗೇ ಕಟ್ಟಿದೆನಲ್ಲ ಎಂದು ಕೂತ ಮೇಲೆ ಹೊಳೆಯಿತು. ಜನ ಅದನ್ನು ವಿನಯ ಎಂದುಕೊಂಡು ಮತ್ತಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೆನ್ನೆಗೆ ಬೀಳುವ ಏಟಿನ ಹಾಗಿತ್ತು.

ಬಳಗದವರು ಸುಮ್ಮನಿರಲಿಲ್ಲ. ಸುವರ್ಣಮ್ಮನ ಹಾಗೆ ನಾವೂ ರಜ ಹೊಡೆಯೋಣ ಬನ್ನಿ ಎಂದು ಕರಪತ್ರ ಅಚ್ಚು ಹಾಕಿಸಿ ಹಳ್ಳಿಹಳ್ಳಿಗೆ ಹಂಚಿದರು. ಆ ಶಿವರಾತ್ರಿಗೆ ಜೋಡಿಹುಣಸೆ ಮಂಟಪಕ್ಕೆ ಶಾಗ್ಯದಿಂದ, ಮಧುವನಹಳ್ಳಿಯಿಂದ ಮೂವತ್ತು ಜನ ಹೆಂಗಸರು ಬಂದಿಳಿದರು. ಎಲ್ಲರ ಕೈಯಲ್ಲೂ ಹೊಸ ಈಚಲು ಪೊರಕೆ. ಸುವರ್ಣಮ್ಮನ ಪಕ್ಕದ ಮನೆಯ ರೂಪ ತನ್ನ ಪೊರಕೆಯನ್ನು ಎತ್ತಿ ತೋರಿಸಿದಳು.

"ನೋಡಿ ದೊಡ್ಡವ್ವ, ನಿಮ್ ತರಾನೇ ಸೀರೆ ಚೂರು. ಮೂರು ಗಂಟು. ನನ್ ಗಂಡ ಬೈದ, ಒಳ್ಳೆ ಸೀರೆ ಹರುದ್ಬುಟ್ಟೆ ಅಂತ."

ಒಂದು ತಾಸಿನಲ್ಲಿ ಮಂಟಪದ ಸುತ್ತ ಕನ್ನಡಿಯಂತಾಯಿತು. ಕಸವೆಲ್ಲ ಇಳಿಜಾರಿನ ಅಂಚಿಗೆ ಬಂದು ಮೊಣಕಾಲೆತ್ತರ ನಿಂತಿತು. ಮೇಷ್ಟ್ರು ಗೋಣಿಚೀಲಗಳನ್ನು ತಂದು ಹಾಕಿದರು.

"ಇದಕ್ಕೆ ತುಂಬಿ ಅಮ್ಮ."

ಹೆಂಗಸರು ಮುಖ ಮುಖ ನೋಡಿಕೊಂಡರು. "ರಜನ ಚೀಲಕ್ಕೆ ತುಂಬ್ತಾರಾ ಸಾ?" ಎಂದಳು ರೂಪ. "ಮಾದಪ್ಪನ ರಜ ಮಾದಪ್ಪನ ಮಡ್ಲಿಗೇ ಸೇರ್ಬೇಕು. ಸುವರ್ಣ ದೊಡ್ಡವ್ವ ಇನ್ನೆಲ್ಲಿಗೆ ಆಕ್ತಿದ್ರು? ಇಲ್ಲಿಗೇ ತಾನೆ? ಅವ್ರನ್ನೇ ಕೇಳಿ."

ಮೇಷ್ಟ್ರು ಸುವರ್ಣಮ್ಮನ ಕಡೆ ತಿರುಗಿದರು. ಅವರ ಮುಖದಲ್ಲಿ ಏನೋ ಮೆಲ್ಲಗೆ ಅರ್ಥವಾಗುತ್ತಿತ್ತು. ದೊಣೆಯ ಕಸ ತೆಗೆಸುವ ಮಾತಿಗೆಂದು ಬಳಗದವರು ಹೇಳಿ ಕಳಿಸಿದ್ದರಿಂದ ಹನುಮಯ್ಯ, ಚೆಲುವಮ್ಮ ಇಬ್ಬರೂ ಮೇಲೆ ಬಂದು ಹುಣಸೆಮರದ ಬುಡದಲ್ಲಿ ಕೂತಿದ್ದರು. ರೂಪ ಆಗಲೇ ರಾಶಿಗೆ ಪೊರಕೆ ಇಟ್ಟಿದ್ದಳು.

ಸುವರ್ಣಮ್ಮ ಹೋಗಿ ರಾಶಿಗೂ ಇಳಿಜಾರಿಗೂ ನಡುವೆ ನಿಂತಳು.

"ತಳ್ಬೇಡ ಕಣವ್ವ," ಎಂದಳು. ರೂಪಳ ಪೊರಕೆಯನ್ನು ಕೈಯಿಂದ ತಡೆದಳು. "ತಳ್ಬೇಡ. ಕೆಳಗೆ ದೊಣೆ ಅದೆ. ನೀರಿತ್ತು ಅದ್ರಲ್ಲಿ. ಈಗ ನನ್ ಪೊರ್ಕೆ ಅವೆ. ನಾನು ತಳ್ಳಿ ತಳ್ಳಿ ಮುಚ್ಚಿವ್ನಿ. ಸಂಕ್ರಾಂತಿ ಆದ್ಮೇಲೆ ಕಣ್ಣಾರೆ ನೋಡ್ದೆ. ನೋಡೂ ಬಾಯಿ ಬುಡ್ಲಿಲ್ಲ. ಸಾಲು ಹೊದ್ಸುದ್ರು, ಹೊದ್ಕಂಡೆ."

ಹಿಂದಿನಿಂದ ಮಧುವನಹಳ್ಳಿಯವಳೊಬ್ಬಳು, "ಹದ್ನೆಂಟು ವರ್ಸದ ಪುಣ್ಯ ಇದಾ," ಎಂದದ್ದು ಕೇಳಿಸಿತು. ಅದಕ್ಕೆ ಇನ್ನೊಬ್ಬಳು ಕಿಸಕ್ಕೆಂದದ್ದೂ ಕೇಳಿಸಿತು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ನಿಂತರು. ಆಮೇಲೆ ಬಗ್ಗಿ ಒಂದು ಚೀಲದ ಬಾಯಿ ಬಿಡಿಸಿ ಹಿಡಿದರು. ಸುವರ್ಣಮ್ಮ ಕೂತು ಕೈಯಿಂದಲೇ ಬಾಚಿ ತುಂಬತೊಡಗಿದಳು. ಸ್ವಲ್ಪ ಹೊತ್ತಿಗೆ ರೂಪಳೂ ಬಂದು ಕೂತಳು. ಕೆಲವರು ಬಂದರು, ಕೆಲವರು ಪೊರಕೆ ಮರಕ್ಕೆ ಒರಗಿಸಿ ಹೊರಟುಹೋದರು.

ಕೆಲಸ ಮುಗಿದ ಮೇಲೆ ಸುವರ್ಣಮ್ಮ ಹುಣಸೆಮರದ ಬುಡಕ್ಕೆ ಹೋದಳು. ಚೆಲುವಮ್ಮ ಎಲೆಯಡಿಕೆ ಮಡಿಚುತ್ತಿದ್ದಳು.

"ನಿಂಗೆ ಗೊತ್ತಿತ್ತಾ ಚೆಲುವ?"

"ಗೊತ್ತಿಲ್ದೆ ಏನು. ಆ ಅಸ್ರು ಸೀರೆ ಉಟ್ಕಂಡು ನೀವು ನನ್ ಕೈಲಿ ಮಜ್ಜಿಗೆ ಕುಡುದಿಲ್ವಾ."

"ಒಂದ್ ಮಾತು ಯೋಳ್ಬಾರ್ದಿತ್ತಾ?"

"ಅರಕೆ ಅಂದ್ರಲ್ಲ. ಮಗೀನ ಕಾಲಿನ ಅರಕೆ. ನಾನು ಬ್ಯಾಡ ಅಂದು, ಆ ಮಗೀಗೆ ಏನಾರ ಆದ್ರೆ?" ಚೆಲುವಮ್ಮ ಎಲೆಯನ್ನು ಬಾಯಿಗಿಟ್ಟುಕೊಂಡಳು. "ದನ ಎರಡು ಮೈಲಿ ನಡುದ್ರೆ ಏನು, ಅವಕ್ಕೆ ಕಾಲು ಅವಲ್ಲ, ಅಂದ್ರು ನಮ್ಮೋರು."

ಸುವರ್ಣಮ್ಮನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ತನ್ನ ಮಗಳ ಕಾಲಿಗಾಗಿ ಇವರು ಎಂಟು ವರ್ಷ ನೀರು ಹೊತ್ತಿದ್ದರು. ತಾನು ಅವರ ಕೈ ಒಣಗಿತು ಎಂದಿದ್ದಳು.

"ನಾನೊಂದು ಮಾತು ಆಡಿದ್ದೆ. ನಿನ್ ಕೈ..."

"ಕೇಳುಸ್ಕಂಡಿವ್ನಿ," ಎಂದಳು ಚೆಲುವಮ್ಮ. "ಮೂರು ಸಲ ಆಡಿದ್ರಿ."

ಅಷ್ಟೇ. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಹೇಳಲಿ ಎಂದು ಸುವರ್ಣಮ್ಮ ಕಾಯಲೂ ಇಲ್ಲ.

ಆ ಬೇಸಗೆಯಲ್ಲಿ ಏಳು ಭಾನುವಾರ ಬಳಗದವರು ದೊಣೆಯೊಳಗಿನ ಕಸ ಎತ್ತಿದರು. ಏಳು ಭಾನುವಾರವೂ ಸುವರ್ಣಮ್ಮ ಹೋದಳು. ಒಂಬತ್ತು ಪೊರಕೆ ಸಿಕ್ಕವು. ಬೇರೆಯವರು ಮುಟ್ಟಬಾರದು ಎಂದು ಹೇಳಿ ತಾನೇ ಎತ್ತಿದಳು. ಚೀಲಗಳ ಬಾಯಿ ಕಟ್ಟಲು ಹುರಿ ಸಾಲದೆ ಬಂದ ದಿನ ಸನ್ಮಾನದ ಶಾಲನ್ನು ಉದ್ದಕ್ಕೆ ಸೀಳಿದಳು. ರುದ್ರಸ್ವಾಮಿ ನೋಡುತ್ತ ನಿಂತಿದ್ದ, ಅವತ್ತು ಮಾತ್ರ ರೇಗಿಸಲಿಲ್ಲ. ಹನೂರಿನ ಬಸ್ಸಿನ ಮೇಲೆ ಚೀಲ ಹಾಕುವಾಗ ಕಂಡಕ್ಟರ್ ಕೇಳಿದ: "ಏನಜ್ಜಿ, ಮಾದಪ್ಪನ ಪ್ರಸಾದವಾ ಇಷ್ಟೊಂದು?"

"ಕಸ ಕಣಪ್ಪ."

"ಎಲ್ರೂ ಬೆಟ್ಟದಿಂದ ಲಾಡು ತಂದ್ರೆ ನೀನು ಕಸ ತಂದಿಯಲ್ಲ. ಲಗೇಜು ಆಕ್ಲಾ?"

"ಆಕಪ್ಪ," ಎಂದಳು ಸುವರ್ಣಮ್ಮ. ಬಸ್ಸಿನಲ್ಲಿದ್ದವರು ನಕ್ಕರು. ಶಾಗ್ಯದಲ್ಲೂ ಆ ವರ್ಷವಿಡೀ ನಗುವವರಿಗೆ ಬರವಿರಲಿಲ್ಲ. ಅವಳು ತಲೆ ಬಗ್ಗಿಸಿಕೊಂಡೇ ನೀರಿಗೆ ಹೋಗಿ ಬರುತ್ತಿದ್ದಳು.

ಮುಂಗಾರು ದೊಣೆಯನ್ನು ಒಮ್ಮೆ ತೊಳೆಯಿತು, ಹಿಂಗಾರು ಇನ್ನೊಮ್ಮೆ. ದೀಪಾವಳಿ ಕಳೆದ ಮೇಲೆ ಹಸುವೊಂದು ಬಾಯಿ ಹಾಕಿ ಕುಡಿಯಿತು ಎಂದು ಹನುಮಯ್ಯ ಮೇಷ್ಟ್ರಿಗೆ ಹೇಳಿ ಕಳಿಸಿದ.

ಎರಡು ಸಾವಿರದ ನಾಲ್ಕರ ಶಿವರಾತ್ರಿಗೆ ಸುವರ್ಣಮ್ಮ ಎಂದಿನಂತೆ ಮಂಟಪ ಗುಡಿಸಿದಳು. ಎಲೆಯನ್ನೂ ಧೂಳನ್ನೂ ಹುಣಸೆಯ ಬುಡಕ್ಕೆ ಎಳೆದಳು, ಉಳಿದದ್ದನ್ನು ಚೀಲಕ್ಕೆ ತುಂಬಿದಳು. ಪೊರಕೆಗೆ ಸೀರೆ ಚೂರು ಕಟ್ಟಿರಲಿಲ್ಲ. ಬಿಸಿಲು ಏರುವ ಹೊತ್ತಿಗೆ ಇಳಿಜಾರಿನ ಕಡೆಯಿಂದ ಮಡಕೆಯೊಂದು ಮೇಲೆದ್ದು ಬಂತು, ಅದರ ಕೆಳಗೆ ಚೆಲುವಮ್ಮ. ಪರಸೆಯವರು ಮುತ್ತಿಕೊಂಡು ಬೊಗಸೆ ಒಡ್ಡಿದರು. ಸುವರ್ಣಮ್ಮ ಮಂಟಪದ ಕಂಬದ ಮರೆಗೆ ಸರಿದು, ಆಗಲೇ ಕಟ್ಟಿದ್ದ ಚೀಲವನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಜನ ಕರಗಿದ ಮೇಲೆ ಚೆಲುವಮ್ಮನೇ ಕೂಗಿದಳು: "ಅಕ್ಕಾರೆ, ತಳದಲ್ಲಿ ಒಸಿ ಅದೆ."

ಸುವರ್ಣಮ್ಮ ಬಂದು ನಿಂತಳು. ಚೆಲುವಮ್ಮ ಅವಳ ಕೈ ನೋಡಿದಳು.

"ಕಸ ಮುಟ್ಟಿದ ಕೈ. ಕೆಳಕ್ಕೋಗಿ ತೊಳ್ಕಂಡು ಬನ್ನಿ."

ಸುವರ್ಣಮ್ಮ ಚೊಂಬು ತೆಗೆದುಕೊಂಡು ಇಳಿಜಾರು ಇಳಿದಳು. ದೊಣೆಯಲ್ಲಿ ಆಕಾಶ ಕಾಣುತ್ತಿತ್ತು. ಬಗ್ಗಿ ಚೊಂಬು ತುಂಬಿಕೊಂಡು, ಬಂಡೆಯಿಂದ ಇಪ್ಪತ್ತು ಹೆಜ್ಜೆ ಆಚೆ ಹೋಗಿ, ಒಂದು ಹನಿಯೂ ವಾಪಸು ಹರಿಯದ ಕಡೆ ಕೂತು ಮಣ್ಣು ತಿಕ್ಕಿ ಕೈ ತೊಳೆದಳು. ಆಮೇಲೆ ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದು ಬೊಗಸೆ ಒಡ್ಡಿದಳು.

ಚೆಲುವಮ್ಮ ಸುರಿದಳು. ಸುವರ್ಣಮ್ಮ ತಲೆ ಎತ್ತದೆ ಕುಡಿದಳು. ಉಪ್ಪು ಕಡಿಮೆ ಇತ್ತು. ಅವಳು ಅದನ್ನು ಹೇಳಲಿಲ್ಲ.